ಸಾವಕಾರನ ಗೋಡೆಗೆ ಬರೆದ ನಂಬರು

ಫೋನೇ ದಾರಿ ತೋರಿಸುವ ಕಾಲ ಇನ್ನೂ ಬಂದಿರಲಿಲ್ಲ. ಮಾನ್ವಿಯ ನಮ್ಮ ಓಣಿಗೆ ಹೊಸಬರು ಯಾರೇ ಬಂದರೂ ಮೂಲೆಮನೆಯ ಗೋಡೆ ನೋಡಿಯೇ ಒಳಗೆ ತಿರುಗಬೇಕಿತ್ತು. ಪುರಸಭೆಯವರು ಅದರ ಮೇಲೆ ನಮ್ಮ ಹದಿನಾರು ಮನೆಗಳ ನಂಬರು, ೩೧ರಿಂದ ೪೬, ಬರೆದು ಬಾಣದ ಗುರುತು ಹಾಕಿದ್ದರು. ಅಂಥ ಓಣಿಗಳು ಅಲ್ಲಿ ಸಾಲಾಗಿ ಐದಾರಿದ್ದವು, ನೋಡಲು ಎಲ್ಲವೂ ಒಂದೇ ಥರ.

ಆ ಬೇಸಿಗೆಗೆ ನನಗೆ ಹನ್ನೊಂದು ವರ್ಷ. ಅಪ್ಪನ ತಂಗಿ ಹುಲಿಗೆಮ್ಮತ್ತೆ ಚೊಚ್ಚಲ ಹೆರಿಗೆಗೆ ಕುರ್ಡಿಯಿಂದ ತವರಿಗೆ ಬಂದಿದ್ದಳು. ಮಧ್ಯಾಹ್ನ ನಾವಿಬ್ಬರೂ ಬಾಗಿಲಲ್ಲಿ ಕೂತು ಮಾವಿನಕಾಯಿ ಹೋಳುಗಳಿಗೆ ಉಪ್ಪು ಖಾರ ಹಚ್ಚಿ ತಿನ್ನುತ್ತಿದ್ದೆವು. ಕೂಸು ಒದ್ದಾಗ ಅತ್ತೆ ನನ್ನ ಖಾರದ ಕೈಯನ್ನೇ ಹೊಟ್ಟೆಯ ಮೇಲಿಟ್ಟುಕೊಂಡು, "ನಿನ್ ಜೋಡಿ ಆಡಾಕ ಅವಸರ ಮಾಡಾಕತ್ತದ ನೋಡು" ಎನ್ನುತ್ತಿದ್ದಳು.

ಮೂಲೆಮನೆ ಸಾವಕಾರನದು. ಮಗನ ಮದುವೆಗೆಂದು ಅವನು ಆ ಗೋಡೆಗೆ ಗುಲಾಬಿ ಬಣ್ಣ ಹೊಡೆಸುತ್ತಿದ್ದಾಗ ಅಪ್ಪ ಹೋಗಿ ಕೈಮುಗಿದ. ನಾನು ಪಕ್ಕದಲ್ಲೇ ಇದ್ದೆ.

"ಸಾವಕಾರ್ರ, ನಂಬರ್ ಅಷ್ಟು ಉಳಿಸ್ರಿ. ಮನ್ಯಾಗ ತುಂಬಿದ ಬಸುರಿ ಅದಾಳ."

"ನಿಮ್ಮ ಮನಿ ಹುಡುಕ್ಕೊಂಡು ಯಾವ ಮಂತ್ರಿ ಬರ್ತಾನಲೇ?"

ಬಣ್ಣ ಹೊಡೆಯುವವನೂ ನಕ್ಕ. ಸಂಜೆಯೊಳಗೆ ನಂಬರು ಮಾಯವಾಗಿತ್ತು.

ಮದುವೆ ಮುಗಿದು ಚಪ್ಪರ ಇನ್ನೂ ಬಿಚ್ಚಿರಲಿಲ್ಲ. ಒಂದು ಮಟಮಟ ಮಧ್ಯಾಹ್ನ ಅತ್ತೆಗೆ ರಕ್ತ ಹೋಗತೊಡಗಿತು. ಅಜ್ಜಿ ಹಳೆ ಸೀರೆಗಳನ್ನು ಒಂದರ ಮೇಲೊಂದು ಮಡಚಿ ಕೊಡುತ್ತಿದ್ದಳು. ಅಪ್ಪ ಆಂಬ್ಯುಲೆನ್ಸಿಗೆ ಫೋನ್ ಮಾಡಿ ಮನೆ ನಂಬರು ಹೇಳಿ, "ಮೂಲ್ಯಾಗ ನಿಂದ್ರು, ಗಾಡಿ ಕಂಡ್ರ ಕೈ ಮಾಡು" ಎಂದು ನನ್ನನ್ನು ಓಡಿಸಿದ. ಚಪ್ಪಲಿ ಮೆಟ್ಟಿಕೊಳ್ಳದೆ ಓಡಿದೆ. ನಿಂತು ನಿಂತು ಬರಿಗಾಲು ಸುಡತೊಡಗಿದಾಗ ಹತ್ತು ಮಾರು ಒಳಗಿದ್ದ ಬೇವಿನ ನೆರಳಿಗೆ ಸರಿದೆ.

ಆಗಲೇ ಗಾಡಿ ಬಂತು. ಮೂಲೆಯಲ್ಲಿ ನಿಧಾನ ಮಾಡಿ ಡ್ರೈವರ್ ತಲೆ ಹೊರಗೆ ಹಾಕಿದ.

"ನಲವತ್ತೆರಡು ನಂಬರ್ ಮನಿ ಎಲ್ಲಿ ಅದ ರೀ?"

ಚಪ್ಪರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದ ಸಾವಕಾರ ಪೇಪರಿನಿಂದ ಕಣ್ಣು ಎತ್ತಲಿಲ್ಲ. ಕೈ ಬೀಸಿ, "ಮುಂದ ಹೋಗ್ರಿ" ಎಂದ.

ನಾನು ಕಿರುಚುತ್ತ ಗಾಡಿಯ ಹಿಂದೆ ಓಡಿದೆ. ಸೈರನ್ನಿನಲ್ಲಿ ನನ್ನ ದನಿ ಯಾರಿಗೆ ಕೇಳಬೇಕು? ಅದು ಮುಂದಿನ ಓಣಿ, ಅದರ ಮುಂದಿನ ಓಣಿ ಸುತ್ತಿ ಕೇಳಿಕೊಂಡು ತಿರುಗಿ ಬರುವಷ್ಟರಲ್ಲಿ ಅತ್ತೆಗೆ ಎಚ್ಚರವಿರಲಿಲ್ಲ.

ಅತ್ತೆ ಉಳಿದಳು. ಕೂಸು ಉಳಿಯಲಿಲ್ಲ. ಹೆಣ್ಣಾಗಿತ್ತಂತೆ. ನೆರಳಿಗೆ ಸರಿದದ್ದನ್ನು ನಾನು ಯಾರಿಗೂ ಹೇಳಲಿಲ್ಲ. ನನ್ನ ಮೇಲಿನ ಸಿಟ್ಟನ್ನೂ ಸಾವಕಾರನ ಲೆಕ್ಕಕ್ಕೇ ಸೇರಿಸಿದೆ.

ರಸ್ತೆ ಕೆಲಸದವರು ಬಿಟ್ಟುಹೋದ ಡಾಂಬರಿನ ಪೀಪಾಯಿ ಒಂದಿತ್ತು. ಬಿಸಿಲಿಗೆ ಕರಗಿದ ಡಾಂಬರನ್ನು ಡಬ್ಬಿಯಲ್ಲಿ ತೋಡಿಕೊಂಡು, ಸೀಮೆಎಣ್ಣೆ ಕಲಸಿ, ಕೋಲಿಗೆ ಚಿಂದಿ ಸುತ್ತಿದೆ. ಊರೆಲ್ಲ ಉಂಡು ಮಲಗಿದ ಹೊತ್ತಿನಲ್ಲಿ ಗುಲಾಬಿ ಗೋಡೆಯ ಮೇಲೆ ನನಗಿಂತ ಎತ್ತರದ ಅಕ್ಷರದಲ್ಲಿ ಬರೆದೆ: ೩೧ರಿಂದ ೪೬. ಬಾಣವನ್ನು ಎರಡು ಸಲ ತಿದ್ದಿದೆ.

ಸಾವಕಾರ ಮರುದಿನವೇ ಬಣ್ಣ ಹೊಡೆಸಿದ. ಆದರೆ ಡಾಂಬರು ಅಡಗಿ ಕೂಡುವಂಥದ್ದಲ್ಲ. ಎರಡು ದಿನಕ್ಕೆ ಅಂಕಿಗಳು ಕಂದು ಬಣ್ಣದಲ್ಲಿ ಮೇಲೆದ್ದವು. ಮತ್ತೆ ಬಳಿಸಿದ, ಮತ್ತೆ ಎದ್ದವು. ಶಾಲೆಗೆ ರಜೆಯಿದ್ದರೂ ಬೆಳಗಾಗುತ್ತಲೇ ಎದ್ದು ಗೋಡೆ ನೋಡಿಬರುತ್ತಿದ್ದೆ. ಯಾವ ಹಬ್ಬಕ್ಕೂ ನನಗೆ ಅಷ್ಟು ಖುಷಿಯಾಗಿಲ್ಲ. ಕೊನೆಗೆ ಗಿಲಾವನ್ನೇ ಕೆತ್ತಿಸಿ ಹೊಸದಾಗಿ ಮೆತ್ತಿಸಿದ. ಅದು ಒಣಗುವುದನ್ನೇ ಕಾದಿದ್ದು ಮತ್ತೆ ನಂಬರು ಬರೆದು ಬಾಣ ತಿದ್ದುವಾಗ ಸಿಕ್ಕಿಬಿದ್ದೆ.

ಸಾವಕಾರ ಕಿವಿ ಹಿಡಿದು ಮನೆತನಕ ಎಳೆದುತಂದ. "ನಿನ್ ಮಗಳಿಗೆ ಬುದ್ಧಿ ಕಲಸ್ತಿಯೋ, ನಾ ಕಲಸ್ಲೋ?" ಎಂದು ಅಂಗಳದಲ್ಲಿ ನಿಂತು ಕೂಗಿದ. ಹೆದರಿದ ಅಪ್ಪ ನನ್ನ ಮೇಲೆ ಕೈ ಎತ್ತಿದ.

ಆಸ್ಪತ್ರೆಯಿಂದ ಬಂದಮೇಲೆ ಒಳಗಿನ ಮೂಲೆ ಬಿಟ್ಟು ಏಳದಿದ್ದ ಅತ್ತೆ ಬಾಗಿಲಿಗೆ ಬಂದಳು. ಕುಡಿಯುವವರಿಲ್ಲದ ಹಾಲಿಗೆ ಅವಳ ಕುಪ್ಪಸ ಒದ್ದೆಯಾಗಿತ್ತು.

"ಯಣ್ಣಾ, ಆಕಿ ಮ್ಯಾಲೆ ಕೈ ಮಾಡಬ್ಯಾಡ." ಆಮೇಲೆ ಸಾವಕಾರನ ಕಡೆ ತಿರುಗಿದಳು. "ಅಳಸ್ರಿ ಸಾವಕಾರ್ರ. ಈ ಸಲ ನಾ ಬರೀತೀನಿ."

ಸಾವಕಾರನ ಕಣ್ಣು ಅವಳ ಕುಪ್ಪಸದ ಮೇಲೆ ಬಿತ್ತು. ನನ್ನ ಕಿವಿ ಬಿಟ್ಟು ತಲೆ ತಗ್ಗಿಸಿಕೊಂಡು ಹೋದ. ಗೋಡೆಯ ಮೇಲಿನ ನಂಬರನ್ನು ಮತ್ತೆ ಯಾರೂ ಮುಟ್ಟಲಿಲ್ಲ.

ಈಗ ನಾನಿರುವ ರಾಯಚೂರಿನ ಬಡಾವಣೆಯಲ್ಲಿ ಪ್ರತಿ ಬಾಗಿಲಿಗೂ ನಂಬರಿನ ತಗಡು ಹೊಡೆದಿದ್ದಾರೆ. ಹೋದ ವರ್ಷ ದೇವದುರ್ಗದಲ್ಲಿ ಒಂದು ಮದುವೆಯಲ್ಲಿ ಸಾವಕಾರ ಎದುರಾದ. ಕೋಲು ಹಿಡಿದಿದ್ದ.

"ಸಣ್ಣಾಕಿ ಇದ್ದಿ. ಅದನ್ನೆಲ್ಲ ಮರ್ತುಬಿಡವ್ವ."

"ಅತ್ತಿ ಅಲ್ಲಿ ಕುಂತಾಳ. ಆಕಿಗೆ ಹೇಳ್ರಿ."

ಮತ್ತೆ ಬಸಿರಾಗದ ನಮ್ಮತ್ತೆ ಯಾರದೋ ಮಗುವಿಗೆ ಹೋಳಿಗೆ ಮುರಿದು ತಿನ್ನಿಸುತ್ತಿದ್ದಳು. ಸಾವಕಾರ ಆ ಕಡೆ ನೋಡಿದ. ಹೋಗುವ ಧೈರ್ಯವಾಗಲಿಲ್ಲ. ಊಟವನ್ನೂ ಮಾಡದೆ ಚಪ್ಪಲಿ ಹುಡುಕತೊಡಗಿದ. ನನಗೆ ಸಮಾಧಾನವಾಯಿತು, ಸುಳ್ಳು ಹೇಳಲಾರೆ.

ಆ ಕೂಸು ಇದ್ದಿದ್ದರೆ ಈಗ ಕಾಲೇಜಿಗೆ ಹೋಗುತ್ತಿತ್ತು. ನಾನು ಒಬ್ಬಳೇ ಮಗಳು. ನನ್ನನ್ನು ಅಕ್ಕ ಎಂದು ಕರೆಯಲು ಮನೆಯಲ್ಲಿ ಬೇರೆ ಯಾರೂ ಹುಟ್ಟಲಿಲ್ಲ.