ಬಾಲ ಉಳಿಸಿಕೊಂಡ ಮರಿ

ನಮ್ಮ ಕಡೆ ನಾಯಿಮರಿ ಕಣ್ಣು ಬಿಡುವ ಮುಂಚೆಯೇ ಬಾಲ ಕತ್ತರಿಸುತ್ತಿದ್ದರು. ಕಣ್ಣು ಬಿಟ್ಟ ಮೇಲಾದರೆ ಕತ್ತರಿಸಿದವರ ಮುಖ ನೆನಪಿಟ್ಟುಕೊಳ್ಳುತ್ತದಂತೆ. ನಿಜವೋ ಸುಳ್ಳೋ, ನಾಯಿಯನ್ನು ಯಾರೂ ಕೇಳಲಿಲ್ಲ. ಬಾಲದ ಬುಡಕ್ಕೆ ನೂಲು ಬಿಗಿಯುವುದು, ಕುಡುಗೋಲು ಕಾಯಿಸಿ ಒಂದೇ ಏಟಿಗೆ ತೆಗೆಯುವುದು, ಅರಿಶಿನ ಎಣ್ಣೆ ಮೆತ್ತುವುದು. ತುಂಡನ್ನು ಹೊಸಲಿನ ಪಕ್ಕ ಹೂಳಬೇಕು, ಹೂತರೆ ನಾಯಿ ಮನೆ ಬಿಟ್ಟು ಹೋಗುವುದಿಲ್ಲ. ಬಾಲ ಇಲ್ಲದ ನಾಯಿ ಜೋರಾಗುತ್ತದೆ, ಕಳ್ಳನಿಗೆ ಹಿಡಿದು ಎಳೆಯಲು ಏನೂ ಸಿಗುವುದಿಲ್ಲ. ಇಷ್ಟು ಲೆಕ್ಕಾಚಾರ.

ನಾನು ಬಾಗೂರು ಕಡೆಯವಳು. ಮದುವೆಯಾಗಿ ಹೊಳೆನರಸೀಪುರದ ಆಚೆ, ಹೊಳೆ ಪಕ್ಕದ ಊರಿಗೆ ಬಂದೆ. ತೌರಿನಲ್ಲೂ ಕತ್ತರಿಸುತ್ತಿದ್ದರು, ಮರಿಯ ಕಾಲು ಹಿಡಿದುಕೊಳ್ಳುವುದು ನನ್ನ ಕೆಲಸ. ಅದಕ್ಕೆ ನಾನು ಅತ್ತವಳಲ್ಲ.

ಗಂಡನ ಮನೆಯಲ್ಲಿ ಮಾವನಿಗೆ ಕಿವಿ ಕೇಳುತ್ತಿರಲಿಲ್ಲ. ನಾನು ಬರುವುದಕ್ಕೆ ಮುಂಚೆ ಯಾವುದೋ ಜ್ವರ ಬಂದು ಹೋಗಿತ್ತು, ಹೋಗುವಾಗ ಕಿವಿಯನ್ನೂ ತೆಗೆದುಕೊಂಡು ಹೋಯಿತು. ಗುಡುಗು ಬಂದರೂ ಆಕಾಶ ನೋಡಿಯೇ ತಿಳಿಯಬೇಕು. ಮಾತು ಮಾತ್ರ ಜೋರು, ಮೂರು ಮನೆಗೆ ಕೇಳುತ್ತಿತ್ತು. ಹೊಲದ ಕೆಲಸವನ್ನೆಲ್ಲ ಮಗ ಕೈಗೆ ತೆಗೆದುಕೊಂಡಿದ್ದರು. ಮಾವನಿಗೆ ಅಂತ ಉಳಿದಿದ್ದು ಒಂದೇ, ಸುಗ್ಗಿಯಲ್ಲಿ ಕಣ ಕಾಯುವುದು.

ಆ ಕಣಗಳು ಈಗೆಲ್ಲಿವೆ. ಈಗ ರಾಗಿ ತೆನೆಯನ್ನು ಟಾರು ರಸ್ತೆಗೆ ಹರವುತ್ತಾರೆ, ಬಸ್ಸು ಲಾರಿ ತುಳಿದು ಕೊಡುತ್ತವೆ. ಆಗ ನೆಲ ಕೆತ್ತಿ, ನೀರು ಹಾಕಿ, ಸಗಣಿ ಸಾರಿಸಿ ಒಣಗಿಸಿದರೆ ಕಣದಲ್ಲಿ ಮುದ್ದೆ ಇಟ್ಟು ಉಣ್ಣಬಹುದಿತ್ತು. ಎತ್ತು ಕಲ್ಲುಗುಂಡು ಎಳೆದುಕೊಂಡು ಸುತ್ತುವ ಸದ್ದು ಇಡೀ ಊರಿಗೆ. ಪಕ್ಕದ ಹೊಲದಲ್ಲಿ ಅವರೆ, ಬೆಳಿಗ್ಗೆ ಇಬ್ಬನಿಯಲ್ಲಿ ಅದರ ಸೊಗಡು. ಕಣದ ಮೂಲೆಯಲ್ಲಿ ಹುಲ್ಲಿನ ಗುಡಿಸಲು, ಅದರ ಮುಂದೆ ಕಂಬಳಿ ಹೊದ್ದು ಮಾವ, ಪಕ್ಕದಲ್ಲಿ ಮನೆಯ ಮೊಂಡುಬಾಲದ ನಾಯಿ. ಮನೆಯಲ್ಲಿ ಮೂಲೆ ಹಿಡಿದು ಕೂರುತ್ತಿದ್ದವರು ಕಣಕ್ಕೆ ಹೋದರೆ ಎದೆ ಸೆಟೆಸಿಕೊಂಡು ಓಡಾಡುತ್ತಿದ್ದರು.

ನಾನು ಬಂದ ಮೊದಲ ಸುಗ್ಗಿಯಲ್ಲಿ ಒಂದು ಎಡವಟ್ಟಾಯಿತು. ಕತ್ತಲಾಗುವ ಹೊತ್ತಿಗೆ ನಮ್ಮ ಮನೆಯವರು ಹಿಂದಿನಿಂದ ಕಣಕ್ಕೆ ಹೋಗಿದ್ದಾರೆ. ಮಾವನಿಗೆ ಗೊತ್ತಾಗಿಲ್ಲ. ತಿರುಗಿ ನೋಡಿದರೆ ಯಾರೋ ನಿಂತ ಹಾಗೆ ಕಂಡು ದೊಣ್ಣೆಯಲ್ಲಿ ಒಂದು ಬಿಟ್ಟೇಬಿಟ್ಟರು. ಮಗನ ಹೆಗಲು ಊದಿಕೊಂಡು ನೇಗಿಲು ಹಿಡಿಯುವುದು ಕಷ್ಟವಾಯಿತು. ನಾನು ಉಪ್ಪಿನ ಶಾಖ ಕೊಟ್ಟೆ. ಅವತ್ತಿನಿಂದ ಮನೆಯಲ್ಲಿ ಒಂದೇ ಮಾತು, ಮುಂದಿನ ಸುಗ್ಗಿಗೆ ಮುದುಕನನ್ನು ಕಣಕ್ಕೆ ಕಳಿಸಬಾರದು. ಮಾವನ ಮುಂದೆಯೇ ಆಡುತ್ತಿದ್ದರು, ಕೇಳುವುದಿಲ್ಲವಲ್ಲ ಅಂತ. ಆದರೆ ಅವರ ಬಾಯಿ ನೋಡಿಯೇ ಮಾವ ಅರ್ಥ ಮಾಡಿಕೊಂಡಿದ್ದರು. ಊಟ ಕಡಿಮೆ ಮಾಡಿದರು.

ಮಳೆಗಾಲದ ಕೊನೆಯಲ್ಲಿ ನಮ್ಮ ಮೊಂಡುಬಾಲದ ಹೆಣ್ಣುನಾಯಿ ಕೊಟ್ಟಿಗೆಯಲ್ಲಿ ಮರಿ ಹಾಕಿತು. ಅರಕಲಗೂಡಿನ ನೆಂಟರು ಆಗಲೇ ಹೇಳಿ ಕಳಿಸಿದ್ದರು, ಬಾಲ ತೆಗೆದ ಮರಿಯೇ ಬೇಕು ಅಂತ. ಮಾವ ಮಗನ ತೋಳು ಹಿಡಿದು ಒಂದಕ್ಕೆ ಬಾಲ ಬಿಡು ಅಂದರು. ಯಾಕೆ ಅಂತ ಇವರು ಕೈ ಆಡಿಸಿ ಕೇಳಿದರೆ ಹೇಳಲಿಲ್ಲ. ಅಪ್ಪ ಮಗ ಇಬ್ಬರೂ ಹಟದಲ್ಲಿ ಒಂದೇ. ಮುದುಕನಿಗೆ ಅರಳುಮರಳು ಅಂತ ಇವರು ಕುಡುಗೋಲು ಒಲೆಗೆ ಇಟ್ಟರು.

ತಾಯಿನಾಯಿಗೆ ತಂಗಳು ಮುದ್ದೆ ಹಾಕಿ ಹಿತ್ತಲಲ್ಲಿ ಕಟ್ಟಿ ಬಂದೆ. ಒಂದೊಂದೇ ಮರಿ ಹಿಡಿದುಕೊಂಡೆ, ಇವರು ಕತ್ತರಿಸಿದರು, ಅತ್ತೆ ಎಣ್ಣೆ ಮೆತ್ತಿದರು. ಮುಗಿಯಿತು ಅಂದುಕೊಂಡರೆ ಒಂದು ಕಡಿಮೆ. ಕಂದು ಬಣ್ಣದ ಗಂಡುಮರಿ ಇಲ್ಲ. ಬೆಕ್ಕು ಎತ್ತಿಕೊಂಡು ಹೋಯಿತೇನೋ ಅಂತ ಹುಲ್ಲು ಕೆದಕಿ ನೋಡುತ್ತಿದ್ದೆವು, ಅಷ್ಟರಲ್ಲಿ ಜಗುಲಿ ಕಡೆಯಿಂದ ಕುಂಯ್ ಕುಂಯ್ ಶುರುವಾಯಿತು.

ಹೋಗಿ ನೋಡಿದರೆ ಕೋಳಿ ಮುಚ್ಚುವ ಬಿದಿರಿನ ಕುಕ್ಕೆ ಬೋರಲು ಬಿದ್ದಿದೆ, ಮೇಲೆ ಒಂದು ಗೋಣಿತಾಟು. ಅದಕ್ಕೆ ಒರಗಿಕೊಂಡು ಮಾವ ಎಲೆ ಅಡಿಕೆ ಹಾಕುತ್ತಾ ಕೂತಿದ್ದಾರೆ. ಕುಕ್ಕೆಯೊಳಗೆ ಮರಿ ಪ್ರಾಣ ಹೋಗುವ ಹಾಗೆ ಅರಚುತ್ತಿದೆ. ಪಕ್ಕದ ಮನೆಯವರೂ ಇಣುಕಿದರು. ಮಾವನಿಗೆ ಮಾತ್ರ ಏನೂ ಗೊತ್ತಿಲ್ಲ. ಮಗನನ್ನು ನೋಡಿ, ಕೇಳುವುದಕ್ಕೆ ಮುಂಚೆಯೇ ಹೇಳಿದರು.

"ಒಂದ್ ಮರಿ ಕಾಣ್ನಿಲ್ವಾ? ನಂಗೊತ್ತಿಲ್ಲ ಕಣ್ಲಾ. ಎಲ್ಲೋ ಓಗಿರ್ಬೇಕು."

ಕಣ್ಣೇ ಬಿಡದ ಮರಿ ಎಲ್ಲಿಗೆ ಹೋಗುತ್ತದೆ. ಅತ್ತೆ ಸೆರಗು ಬಾಯಿಗೆ ಇಟ್ಟುಕೊಂಡು ಒಳಗೆ ಓಡಿದರು. ನನಗೂ ನಗು ಬಂತು, ಆಮೇಲೆ ಬರಲಿಲ್ಲ. ಇವರ ಕೈಯಲ್ಲಿ ಕುಡುಗೋಲು ಇನ್ನೂ ಇತ್ತು. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಕುಕ್ಕರುಗಾಲಲ್ಲಿ ಕೂತು, ಅಪ್ಪನ ಕೈ ಹಿಡಿದು ಕುಕ್ಕೆಯ ಮೇಲೆ ಇಟ್ಟರು. ಒಳಗೆ ಮರಿ ಒದ್ದಾಡುವುದು ಅಂಗೈಗೆ ತಿಳಿಯಿತು. ಮಾವನ ಮುಖ ಸಪ್ಪಗಾಯಿತು. ಬಾಯಲ್ಲಿದ್ದ ಎಲೆ ಉಗಿದರು.

"ಅವತ್ತು ನಿನ್ ಬಡುದ್ನಲ್ಲ ಮಗ," ಅಂದರು. ಯಾವತ್ತೂ ಅಷ್ಟು ಮೆಲ್ಲಗೆ ಮಾತಾಡಿದ್ದು ಕೇಳಿರಲಿಲ್ಲ. "ಆ ಮೊಂಡುಬಾಲದ್ದು ನನ್ ಪಕ್ಕದಾಗೇ ಕುಂತಿತ್ತು. ನೀನ್ ಬಂದಿದ್ದು ಅದುಕ್ಕೆ ಗೊತ್ತಾಯ್ತು, ನಂಗಾಗ್ನಿಲ್ಲ. ಬಾಲ ಇದ್ದಿದ್ರೆ ನನ್ ಕಾಲ್ಗೆ ಬಡೀತಿತ್ತು. ಮನೇರು ಬಂದವ್ರೆ ಅಂತ ತಿಳ್ಕಳ್ತಿದ್ದೆ."

ಇವರು ಎದ್ದು ಕುಡುಗೋಲನ್ನು ಸೂರಿಗೆ ಸಿಕ್ಕಿಸಿ ಗದ್ದೆ ಕಡೆ ಹೋದರು. ಮರಿಯ ಬಾಲ ಉಳಿಯಿತು. ಅತ್ತೆಗೆ ಮಾತ್ರ ಸಮಾಧಾನವಿಲ್ಲ. ಬಾಲ ಹೂಳದ ನಾಯಿ ಊರೂರು ತಿರುಗುತ್ತದೆ, ಕಳ್ಳ ಬಂದರೆ ಅವನಿಗೂ ಬಾಲ ಅಲ್ಲಾಡಿಸುತ್ತದೆ ಅಂತ ಗೊಣಗುತ್ತಲೇ ಇದ್ದರು. ಮಾವನನ್ನು ಕಣಕ್ಕೆ ಕಳಿಸಬಾರದು ಅನ್ನುವ ಮಾತನ್ನು ಮಗ ಮತ್ತೆ ಎತ್ತಲೂ ಇಲ್ಲ, ಬಿಟ್ಟೆ ಅನ್ನಲೂ ಇಲ್ಲ.

ಸುಗ್ಗಿ ಬಂತು. ಹಗಲೆಲ್ಲ ಮಾವ ನಾಯಿಯನ್ನು ಕರೆದುಕೊಂಡು ಕಣದಲ್ಲೇ ಇದ್ದರು. ನಾಯಿ ಅಷ್ಟೊತ್ತಿಗೆ ಮೊಣಕಾಲೆತ್ತರ ಆಗಿತ್ತು, ಶೂರನೇನಲ್ಲ, ಹುಂಜ ಅಟ್ಟಿಸಿಕೊಂಡು ಬಂದರೆ ಓಡುತ್ತಿತ್ತು. ಕಣದಲ್ಲಿ ಒಟ್ಟಿದ್ದ ರಾಗಿ ಮೆದೆ ಬಿಚ್ಚುವ ಹಿಂದಿನ ಸಂಜೆ ಇವರು ತಮ್ಮ ಕಂಬಳಿ ಮಡಿಸಿ ಹೆಗಲಿಗೆ ಹಾಕಿಕೊಂಡರು. ಇವತ್ತಿಂದ ನಾನೇ ಕಣದಲ್ಲಿ ಮಲಗುತ್ತೇನೆ, ಉಂಡ ಮೇಲೆ ಅಪ್ಪನನ್ನು ಮನೆಗೆ ಕರೆದುಕೊಂಡು ಬಾ ಅಂದರು. ನಾನು ಮುದ್ದೆ, ಹಿತುಕಿದವರೆ ಸಾರು ಹೊತ್ತು ಹಿಂದೆ ಹೊರಟೆ.

ಮಾವ ನಮಗೆ ಬೆನ್ನು ಹಾಕಿ ಕೂತಿದ್ದರು, ತೊಡೆಯ ಮೇಲೆ ದೊಣ್ಣೆ. ಇವರು ನನಗೆ ನಿಲ್ಲು ಅಂತ ಕೈ ತೋರಿಸಿ, ಹೋದ ವರ್ಷ ಏಟು ತಿಂದ ಕಡೆಯಿಂದಲೇ ನಡೆದರು. ನನಗೆ ಭಯ, ಇನ್ನೊಂದು ಹೆಗಲಿಗೂ ಬಿದ್ದರೆ ಉಳುವವರು ಯಾರು. ನಾಯಿ ತಲೆ ಎತ್ತಿತು, ಬೊಗಳಲಿಲ್ಲ. ಬಾಲವನ್ನು ಮಾವನ ಮೀನಖಂಡಕ್ಕೆ ಪಟಪಟ ಬಡಿಯತೊಡಗಿತು. ಮಾವ ದೊಣ್ಣೆಯನ್ನು ಪಕ್ಕಕ್ಕೆ ಸರಿಸಿದರು. ತಿರುಗದೆಯೇ ಅಂದರು:

"ಯಾಕ್ ಇಷ್ಟೊತ್ತು? ಒಟ್ಟೆ ಅಸಿತಾ ಐತೆ. ಬಾ, ಕುಂತ್ಕ."

ಇವರು ಪಕ್ಕದಲ್ಲಿ ಕೂತರು. ಮುದ್ದೆಯಲ್ಲಿ ಅರ್ಧ ಮುರಿದು ಮಾವ ಮಗನಿಗೆ ಕೊಟ್ಟರು. ಇಬ್ಬರೂ ಮಾತಿಲ್ಲದೆ ಉಂಡರು. ಮಾತಾಡಿದರೂ ಒಬ್ಬರಿಗೆ ಕೇಳುತ್ತಿರಲಿಲ್ಲ. ಉಂಡು ಕೈ ತೊಳೆದು ಇವರು ಎದ್ದರು, ತಮ್ಮ ಕಂಬಳಿಯನ್ನು ಅಪ್ಪನ ಕಂಬಳಿಯ ಮೇಲೆ ಹೊದಿಸಿದರು, ಚೊಂಬು ತಾವೇ ಎತ್ತಿಕೊಂಡು ನಡಿ ಅಂತ ನನಗೆ ಹೇಳಿದರು. ಅರ್ಧ ದಾರಿ ಬಂದ ಮೇಲೆ, ಸಾರಿಗೆ ಉಪ್ಪು ಕಡಿಮೆಯಾಗಿತ್ತು ಅಂದರು.