ಬದಲಿಸಿಟ್ಟ ಬೂಟುಗಳು

ಹಿಮಾಲಯದ ಚಳಿಗಾಲದ ಚಾರಣಕ್ಕೆ ಕಾಲೇಜಿನಲ್ಲಿ ಹೆಸರು ಕೊಟ್ಟು ಬಂದಿದ್ದೇನೆ ಎಂದು ಮಗಳು ಹೇಳಿದ ದಿನ ನಾನು ಆಡಿದ್ದು ಒಂದೇ ಮಾತು. "ಬ್ಯಾಡ." ಅವಳು ಒಳಗೆ ಹೋದಳು. ಅಷ್ಟರಲ್ಲಾಗಲೇ ಅವಳಪ್ಪ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಯಾಗಿತ್ತು.

ಅದಕ್ಕೂ ಎರಡು ವರ್ಷ ಮುಂಚೆ ನ್ಯುಮೋನಿಯಾ ಆಗಿ ಅವಳು ಹತ್ತು ದಿನ ಐಸಿಯುನಲ್ಲಿದ್ದಳು. ಬಾಗಿಲಿನ ಗಾಜಿನಾಚೆ ಅವಳ ಎದೆ ಏರುವುದನ್ನೂ ಇಳಿಯುವುದನ್ನೂ ನೋಡುತ್ತಾ ನಾನು ಹೊರಗೆ ಕೂತಿದ್ದೆ. ಮನೆಗೆ ಬಂದ ಮೇಲೂ ಅವಳು ಒಂದು ಸಲ ಕೆಮ್ಮಿದರೆ ನನ್ನ ಹೊಲಿಗೆ ಯಂತ್ರ ನಿಂತುಬಿಡುತ್ತಿತ್ತು. ಚಾರಣಕ್ಕೆ ಫಿಟ್‌ನೆಸ್ ಸರ್ಟಿಫಿಕೇಟ್ ಬೇಕಾದಾಗ ಡಾಕ್ಟರು ಎಕ್ಸ್‌ರೇ ನೋಡಿ, "ಚೆನ್ನಾಗೈತ್ರಿ, ಹೋಗ್ಲಿ ಬಿಡ್ರಿ" ಎಂದರು. ಅವರಿಗೇನು, ಅವರ ಮಗಳಲ್ಲವಲ್ಲ ಎಂದುಕೊಂಡೆ.

ತಡೆಯಲಾಗಲಿಲ್ಲ. ಹಾಗಾಗಿ ಸಾಮಾನು ಹೊಂದಿಸುವುದಕ್ಕೆ ನಾನೇ ನಿಂತೆ. ದಾವಣಗೆರೆಯಲ್ಲಿ ಚಳಿ ಎಂದರೆ ಬೆಳಗಿನ ಜಾವ ಒಂದು ಶಾಲು, ಅಷ್ಟೇ. ಹಿಮದ ಸಾಮಾನು ಇಲ್ಲಿ ಯಾರು ಮಾರುತ್ತಾರೆ? ಚಳಿಗಾಲಕ್ಕೆ ಬಂದು ಅಂಗಡಿ ಹಾಕುವ ಟಿಬೆಟಿನವರ ಹತ್ತಿರ ಎರಡು ಉಣ್ಣೆ ಟೋಪಿ, ಒಂದು ದಪ್ಪ ಜಾಕೆಟ್ ಸಿಕ್ಕವು. ನಾನು ನಾಲ್ಕು ಹತ್ತಿ ಬನಿಯನ್ ತಂದಿಟ್ಟರೆ ಅವಳು ಎತ್ತಿ ಪಕ್ಕಕ್ಕಿಟ್ಟಳು.

"ಹತ್ತಿ ಬ್ಯಾಡಮ್ಮ. ಬೆವರಿಗೆ ಒದ್ದೆಯಾದ್ರೆ ಒಣಗಂಗಿಲ್ಲ. ಮೈಮೇಲೇ ತಣ್ಣಗಾಗ್ತದೆ."

ನನ್ನಪ್ಪ ಇದೇ ಊರಿನ ಹತ್ತಿ ಗಿರಣಿಯಲ್ಲಿ ದುಡಿದು ನಮ್ಮನ್ನು ಸಾಕಿದವರು. ಹತ್ತಿ ಬೇಡ ಎಂಬ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

ಬೂಟನ್ನು ಆನ್‌ಲೈನಿನಲ್ಲಿ ತರಿಸಿದ್ದಳು, ಕಾಲಿಗಿಂತ ಒಂದು ಸೈಜ್ ದೊಡ್ಡದು. ಎರಡು ಜೊತೆ ಕಾಲುಚೀಲ ಹಾಕಿದ ಮೇಲೂ ಬೆರಳು ಆಡಬೇಕಂತೆ. ಬೆರಳು ಬಿಗಿಯಾದರೆ ರಕ್ತ ಓಡುವುದಿಲ್ಲ, ರಕ್ತ ಓಡದಿದ್ದರೆ ಬೆರಳು ಉಳಿಯುವುದಿಲ್ಲ. ಬೂಟು ಕಾಲಿಗೆ ಒಗ್ಗಲಿ ಎಂದು ಒಂದು ತಿಂಗಳು ದಿನಾ ಬೆಳಿಗ್ಗೆ ಹದಡಿ ರಸ್ತೆಯಲ್ಲಿ ನಡೆದಳು. ಸ್ಲೀಪಿಂಗ್ ಬ್ಯಾಗಿನೊಳಗೆ ಹಾಕಿಕೊಳ್ಳಲು ನಾನು ಮೆತ್ತನೆಯ ಫ್ಲೀಸ್ ಬಟ್ಟೆಯಲ್ಲಿ ಒಂದು ಒಳಚೀಲ ಹೊಲಿದೆ. ಬೂಟಿಗೂ ಒಂದು ಚೀಲ ಹೊಲಿದೆ. ನೀರಿನ ಬಾಟಲಿಯನ್ನು ತಲೆಕೆಳಗಾಗಿ ಇಡಬೇಕು, ಆಗ ನೀರು ಹೆಪ್ಪುಗಟ್ಟಿದರೂ ಬಾಯಿ ಕಟ್ಟುವುದಿಲ್ಲ ಎಂದು ಅವಳು ನಗುತ್ತಾ ಹೇಳಿದಳು. ಬಾಟಲಿಯಲ್ಲಿ ನೀರು ಹೆಪ್ಪುಗಟ್ಟುವ ಜಾಗದಲ್ಲಿ ಈ ಹುಡುಗಿ ಟೆಂಟಿನೊಳಗೆ ಮಲಗುತ್ತಾಳೆ.

ಹೊರಡುವ ದಿನ ಬೆಳಿಗ್ಗೆ ಬ್ಯಾಗು ಸಿದ್ಧವಾಗಿ ಗೋಡೆಗೆ ಒರಗಿತ್ತು. ಅವಳು ಸ್ನಾನಕ್ಕೆ ಹೋದಳು. ಅವಳಪ್ಪ ಹಾಲು ತರಲು ಹೋಗಿದ್ದರು. ಬಚ್ಚಲಿನಿಂದ ಒಂದು ಕೆಮ್ಮು ಕೇಳಿತು. ಒಂದೇ ಒಂದು ಕೆಮ್ಮು. ನಾನು ಬ್ಯಾಗಿನ ಬಾಯಿ ಬಿಚ್ಚಿದೆ. ಬೂಟು ತೆಗೆದು ಟ್ರಂಕಿನಲ್ಲಿಟ್ಟೆ. ಅದೇ ಚೀಲದಲ್ಲಿ ಅವಳ ಹಳೆಯ ಕ್ಯಾನ್ವಾಸ್ ಶೂ ತುಂಬಿ, ಮೊದಲಿನ ಹಾಗೇ ಮುಚ್ಚಿದೆ. ಬೂಟಿಲ್ಲದವಳನ್ನು ಹಿಮದ ಮೇಲೆ ಯಾರೂ ಹತ್ತಿಸುವುದಿಲ್ಲ, ತಿರುಗಿ ಬರುತ್ತಾಳೆ. ಅಷ್ಟೇ ನನ್ನ ಲೆಕ್ಕ.

ಸ್ಟೇಷನ್ನಿನಲ್ಲಿ ಅವಳ ಗೆಳತಿ, "ಏನಾದ್ರೂ ಮರ್ತಿದ್ದೀಯೇನೇ?" ಎಂದು ಕೇಳಿದಳು. ಮಗಳು ನನ್ನ ಹೆಗಲ ಮೇಲೆ ಕೈ ಹಾಕಿ ಹೇಳಿದಳು: "ನಮ್ಮಮ್ಮ ಪ್ಯಾಕ್ ಮಾಡ್ಯಾಳೆ. ಹೆಂಗೆ ಮರೀತದೆ?"

ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ರೈಲು ಹೊರಟಿತು. ಕಿಟಕಿಯಲ್ಲಿ ಅವಳ ಕೈ ಆಡುತ್ತಿತ್ತು. ನಾನು ಬೆಂಚಿನ ಮೇಲೆ ಕೂತು ಸೆರಗಿನಿಂದ ಮುಖ ಮುಚ್ಚಿಕೊಂಡೆ.

"ಅಳಬ್ಯಾಡ, ಹನ್ನೆರಡು ದಿನ ಅಷ್ಟೇ," ಎಂದರು ನನ್ನ ಗಂಡ.

"ಬೂಟು ಟ್ರಂಕಿನಾಗೆ ಐತ್ರಿ. ನಾನೇ ತೆಗೆದಿಟ್ಟೆ."

ಅವರು ನನ್ನ ಮುಖವನ್ನೇ ನೋಡಿದರು. ಸ್ಕೂಟರಿನತ್ತ ಓಡಿದರು. ಕೆ.ಬಿ. ಬಡಾವಣೆಯ ಮನೆಗೆ ಹೋಗಿ ಬೂಟು ತೆಗೆದುಕೊಂಡು ಹರಿಹರದ ದಾರಿ ಹಿಡಿದೆವು. ಮುಂದಿನ ನಿಲ್ದಾಣ ಅದೇ. ಸಿಗ್ನಲ್ಲಿಗೆ ಎಲ್ಲಾದರೂ ರೈಲು ನಿಂತಿರಲಿ ಎಂಬುದೊಂದೇ ಆಸೆ. ಹಿಂದೆ ಕೂತು ನಾನು ಮಗಳಿಗೆ ಫೋನು ಮಾಡುತ್ತಲೇ ಇದ್ದೆ. ರಿಂಗಾಗುತ್ತಿತ್ತು, ಅವಳು ಎತ್ತಲಿಲ್ಲ. ಮುಂದೊಂದು ಲಾರಿ ದಾರಿ ಬಿಡದೆ ಹೊಗೆ ಉಗುಳುತ್ತಿತ್ತು. ಬೂಟನ್ನು ಎದೆಗವಚಿಕೊಂಡು, "ಜೋರಾಗಿ ಹೋಗ್ರೀ" ಎಂದು ನಾನು ಗಂಡನ ಬೆನ್ನು ಗುದ್ದುತ್ತಿದ್ದೆ.

ಹರಿಹರದ ಪ್ಲಾಟ್‌ಫಾರಂ ಖಾಲಿಯಿತ್ತು.

"ಹೋಗಿ ಇಪ್ಪತ್ತು ನಿಮಿಷ ಆತಲ್ರಿ," ಎಂದ ಚಹಾ ಮಾರುವವನು.

ಅಷ್ಟು ಹೊತ್ತಿಗೆ ಅವಳೇ ಫೋನು ಮಾಡಿದಳು. "ಯಾಕಮ್ಮ ಇಷ್ಟು ಸಲ ಮಾಡಿದ್ದಿ? ಫೋನು ಬ್ಯಾಗಿನಾಗಿತ್ತು."

"ನಿನ್ನ ಬೂಟು ಮನ್ಯಾಗೇ ಉಳಿದಾವೆ."

"ಇಲ್ಲಮ್ಮ, ನಾನೇ ಹಾಕೀನಿ."

"ನೀನು ಹಾಕಿದ್ದಿ. ನಾನು ತೆಗೆದೆ. ಚೀಲದಾಗೆ ಹಳೇ ಶೂ ಐತೆ."

ರೈಲಿನ ಸದ್ದಿನ ನಡುವೆ ಅವಳು ಚೀಲ ಬಿಚ್ಚಿದ್ದು ಕೇಳಿಸಿತು. ಆಮೇಲೆ ಅವಳು ಮೆಲ್ಲಗೆ ಕೇಳಿದಳು: "ಗೊತ್ತಾಗದೆ ತೆಗೆದ್ಯ?"

ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಗಂಡ ನನ್ನನ್ನೇ ನೋಡುತ್ತಿದ್ದರು.

"ಇಲ್ಲ. ಬೇಕಂತ್ಲೇ ತೆಗೆದೆ. ನೀ ತಿರುಗಿ ಬರ್ಲಿ ಅಂತ."

"ನಾ ಬರಂಗಿಲ್ಲಮ್ಮ," ಎಂದು ಅವಳು ಫೋನಿಟ್ಟಳು.

ಮೂರನೆಯ ದಿನ ಅವಳಪ್ಪನಿಗೆ ಒಂದು ಮೆಸೇಜು ಬಂತು: ಬಾಡಿಗೆ ಬೂಟು ಸಿಕ್ಕಿದೆ, ಸ್ವಲ್ಪ ಬಿಗಿ, ನಾಳೆಯಿಂದ ನೆಟ್‌ವರ್ಕ್ ಇರುವುದಿಲ್ಲ. ನನಗೇನೂ ಬರೆದಿರಲಿಲ್ಲ. ಬಿಗಿ ಎಂಬ ಆ ಒಂದು ಪದವನ್ನೇ ಮತ್ತೆ ಮತ್ತೆ ಓದಿದೆ. ಬಿಗಿಯಾದರೆ ಏನಾಗುತ್ತದೆ ಎಂದು ಅವಳೇ ಹೇಳಿಕೊಟ್ಟಿದ್ದಳಲ್ಲ. ನ್ಯುಮೋನಿಯಾಕ್ಕೆ ಹೆದರಿ ಮಗಳ ಕಾಲನ್ನೇ ನಾನು ಹಿಮಕ್ಕೆ ಒಪ್ಪಿಸಿದ್ದೆ. ಮುಂದಿನ ಆರು ದಿನ ಯಾವ ಸುದ್ದಿಯೂ ಇಲ್ಲ. ಮದುವೆ ಹುಡುಗಿಯೊಬ್ಬಳು ಹೊಲಿಯಲು ಕೊಟ್ಟಿದ್ದ ಬ್ಲೌಸನ್ನು ತಪ್ಪಾಗಿ ಕತ್ತರಿಸಿದೆ. ಪಕ್ಕದ ಮನೆಯಾಕೆ, "ಉಕ್ಕಡಗಾತ್ರಿಗೆ ಹೋಗಿ ಅಜ್ಜಯ್ಯನ ಗದ್ದುಗೆಗೆ ಬೇಡ್ಕೊಂಡು ಬರಾಣ ಬರ್ರಿ" ಎಂದು ಕರೆದರು. ಹೋಗಲಿಲ್ಲ. ಯಾವ ಬಾಯಲ್ಲಿ ಬೇಡಿಕೊಳ್ಳಲಿ?

ಅವಳು ಬಂದಳು. ಮುಖ ಕಪ್ಪಗೆ ಸುಟ್ಟಿತ್ತು, ಉಸಿರು ಸರಾಗವಾಗಿತ್ತು. ಕಾಲಿನ ಎರಡೂ ಹೆಬ್ಬೆರಳ ಉಗುರು ಕಪ್ಪಾಗಿದ್ದವು. ನಾನು ಬಿಸಿನೀರಿಗೆ ಉಪ್ಪು ಹಾಕಿ ತಂದಿಟ್ಟೆ. ಅವಳು ಕಾಲು ಇಳಿಬಿಟ್ಟಳು.

"ನೋಯ್ತದೇನು?"

"ಗುಡ್ಡ ಇಳಿಯುವಾಗ ಭಾಳ ನೋಯ್ತು. ಅತ್ತುಬಿಟ್ಟೆ."

"ನನ್ನ ಮ್ಯಾಲೆ ಸಿಟ್ಟೈತೇನು?"

"ಸಿಟ್ಟಿಲ್ಲಮ್ಮ," ಎಂದಳು. ಕಾಲು ಎತ್ತಿ ಒರೆಸಿಕೊಳ್ಳುತ್ತಾ, "ಆದ್ರೆ ನಿನ್ನ ಕೈಯಾಗೆ ಏನೂ ಬಿಡಬಾರ್ದು ಅನಿಸ್ತದೆ."

ಈ ವರ್ಷ ಮತ್ತೆ ಹೊರಟಳು. ಸಾಮಾನೆಲ್ಲ ಗೆಳತಿಯ ಮನೆಯಲ್ಲೇ ಕಟ್ಟಿಕೊಂಡು, ಅಲ್ಲಿಂದಲೇ ಸ್ಟೇಷನ್ನಿಗೆ ಬಂದಳು. ನಾವಿಬ್ಬರೂ ಹೋಗಿದ್ದೆವು. ರೈಲು ತಡವಾಗಿತ್ತು. ನಡುವೆ ನೀರು ತರಲು ಎದ್ದವಳು ಬ್ಯಾಗನ್ನು ನಮ್ಮ ಹತ್ತಿರ ಬಿಡಬಹುದಿತ್ತು. ಅಷ್ಟು ಭಾರವನ್ನೂ ಹೆಗಲಿಗೇರಿಸಿಕೊಂಡೇ ಹೋದಳು. ನಾನು ಹಳಿಯತ್ತ ನೋಡುತ್ತಾ ಕೂತೆ. ಅವಳು ಬಂದು ನನ್ನ ಪಕ್ಕದಲ್ಲೇ ಕೂತಳು.