ಕೆಳಗಿನ ಮನೆಯ ಕಾಕು ಮತ್ತು ತಂತಿಯ ಬೋನು

ಮೊಣಕೈವರೆಗೆ ಸರಿಸಿದ ಹಸಿರು ಗಾಜಿನ ಬಳೆಗಳು, ಅವು ಕೆಳಗೆ ಜಾರದಂತೆ ಬಿಗಿದ ಕೆಂಪು ರಬ್ಬರ್ ಬ್ಯಾಂಡು. ಕೆಳಗಿನ ಮನೆಯ ಕಾಕು ಇಲಿಯ ಬೋನು ಹೂಡುತ್ತಿದ್ದುದು ಹೀಗೆ. ಬೇರೆ ಹೊತ್ತಿನಲ್ಲಿ, ರೊಟ್ಟಿ ಬಡಿಯುವಾಗ, ಅದೇ ಬಳೆಗಳ ಸಪ್ಪಳ ಮೇಲಿನ ಮಹಡಿಯ ನಮ್ಮ ಅಡುಗೆಮನೆಗೂ ಕೇಳುತ್ತಿತ್ತು. ಸಪ್ಪಳ ನಿಂತರೆ ಬೋನಿನ ಕೆಲಸ ನಡೆದಿದೆ ಎಂದೇ ಅರ್ಥ. ನಾನು ಜಗಳಕ್ಕೆಂದು ಇಳಿದು ಹೋಗುತ್ತಿದ್ದೆ.

ಮರಾಠಿ ನಾಡಿನ ನಿಗಡಿಯಲ್ಲಿ ಎಷ್ಟೋ ಕನ್ನಡ ಮನೆಗಳು ಕಾಕುವಿನ ಜೋಳದ ರೊಟ್ಟಿ ತಿಂದು ಬದುಕುತ್ತಿದ್ದವು. ಹಿಟ್ಟಿನ ಚೀಲ ಇದ್ದಲ್ಲಿ ಇಲಿ ಬಾರದೆ ಇರುತ್ತದೆಯೇ? ನಮ್ಮ ಕಟ್ಟಡದ ಸೊಸೈಟಿಯವರು ವಿಷ ಇಡಿ ಎಂದರು, ಅಂಟಿನ ಹಲಗೆಯನ್ನೂ ತಂದುಕೊಟ್ಟರು. ಕಾಕು ಒಪ್ಪಲಿಲ್ಲ. ಜೀವಂತ ಹಿಡಿಯುವುದು, ನದಿಯ ದಂಡೆಗೆ ಒಯ್ದು ಬಿಡುವುದು, ಅಷ್ಟೇ. ಒಯ್ಯುವ ಸ್ಕೂಟಿ ನನ್ನದು. ನಾನಾಗ ಕಾನೂನು ಓದುತ್ತಿದ್ದೆ. ಚರ್ಚಾಸ್ಪರ್ಧೆಯಲ್ಲಿ ಯಾವ ಪಕ್ಷ ಕೊಟ್ಟರೂ ಗೆದ್ದು ಬರುತ್ತೇನೆಂಬ ಸೊಕ್ಕಿತ್ತು. ದಯೆ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಅನುಮಾನ ಏಳುತ್ತಿತ್ತು.

ಕಾಕು ಬೋನನ್ನು ಗೋಡೆಗುಂಟ ಇಟ್ಟು, ಮೇಲೆ ಗೋಣಿತಟ್ಟು ಹೊದಿಸಿ, ನಾಲ್ಕು ದಿನ ಬಾಗಿಲನ್ನು ದಾರದಿಂದ ಎತ್ತಿ ಕಟ್ಟಿಡುತ್ತಿದ್ದರು. ಒಳಗೆ ಶೇಂಗಾ ಹಿಂಡಿ ಸವರಿದ ರೊಟ್ಟಿಚೂರು. ಇಲಿ ಬಂದು ತಿಂದು ಹೋಗಲಿ, ಹೆದರಿಕೆ ಹೋಗಲಿ ಎಂದು. ಐದನೆಯ ದಿನ ದಾರ ಬಿಚ್ಚಿ ಕೊಂಡಿ ಸಿಕ್ಕಿಸುವುದು.

"ಇದು ವಿಷಕ್ಕಿಂತ ದೊಡ್ಡ ಮೋಸ ಅಲ್ಲೇನ್ರಿ ಕಾಕು? ನಾಕ್ ದಿನ ಉಣಿಸಿ ನಂಬಿಸೋದು, ಐದನೇ ದಿನ ಬಾಗಲಾ ಹಾಕೋದು!"

"ಹೌದು, ಮೋಸಾನ ಅದ. ಪೂರಾ ಸಾಚಾ ಇರಬೇಕಂದ್ರ ಈ ಹಿಟ್ಟಿನ ಚೀಲಾನ ಇಲಿ ಹೆಸರಿಗೆ ಬರದುಕೊಡಬೇಕು. ಕಾಗದಪತ್ರ ನೀನ ಮಾಡಿಕೊಡ್ತೀಯೇನು, ವಕೀಲಬಾಯಿ?"

ಎದುರಾಳಿ ಮೊದಲೇ ಒಪ್ಪಿಕೊಂಡುಬಿಟ್ಟರೆ ಹೇಗೆ ವಾದಿಸಬೇಕೆಂದು ನಮಗೆ ಯಾರೂ ಕಲಿಸಿರಲಿಲ್ಲ.

ಸಿಕ್ಕ ಇಲಿಯ ಜೊತೆ ಕಾಕು ಮರಾಠಿಯಲ್ಲಿ ಮಾತಾಡುತ್ತಿದ್ದರು. "ಘಾಬರೂ ನಕೋ ಬಾಳಾ," ಹೆದರಬೇಡ ಮಗು. ಯಾಕೆ ಮರಾಠಿ ಎಂದು ಕೇಳಿದರೆ, "ಇಲ್ಲೇ ಹುಟ್ಟಿ ಬೆಳದದ್ದು. ಇದಕ್ಕ ನಮ್ಮ ಕನ್ನಡ ಹ್ಯಾಂಗ ತಿಳೀಬೇಕು?" ಎಂದರು. ಆಮೇಲೆ ಬೋನನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು, ಕೆಳಗಿನಿಂದ ಇಲಿಯ ಹೊಟ್ಟೆ ನೋಡುವರು. ಮೊಲೆಯ ಸುತ್ತ ಕೂದಲು ಸವೆದಿದ್ದರೆ ಅದು ಹಾಲೂಡಿಸುವ ತಾಯಿ. ಆಗ ಅದನ್ನು ಅಲ್ಲೇ, ಗೋಡೆಯ ಬಳಿಯೇ ಬಿಟ್ಟುಬಿಡುವರು. ಮರಿ ಹೊರಬೀಳುವ ತನಕ ಮೂರು ವಾರ ಬೋನಿಲ್ಲ.

"ಒಂದರ ಬದಲಿ ಹತ್ತು ಇಲಿ ಆಗ್ತಾವ್ರಿ."

"ಹತ್ತೂ ಹಿಡಿಯೂಣಂತ. ನಿನ್ನ ಗಾಡಿ ಅದಲ್ಲ?"

ಆ ದಿನ ನನಗೆ ಮಧ್ಯಾಹ್ನ ಅಂತಿಮ ಸುತ್ತಿನ ಸ್ಪರ್ಧೆ. ಬೆಳಿಗ್ಗೆಯೇ ಬೋನಿಗೆ ಇಲಿ ಬಿದ್ದಿತ್ತು. ಕಾಕುವಿನ ಕೈತುಂಬ ಹಿಟ್ಟು. ಯಾರದೋ ಸೀಮಂತಕ್ಕೆ ರೊಟ್ಟಿ ಬೇಕಿತ್ತು. "ತಡೀ, ಕೈ ತೊಳಕೊಂಡು ನೋಡ್ತೀನಿ," ಎಂದರು. "ಇಲಿ ಅಂದ್ರ ಇಲಿ. ಅದರಾಗ ನೋಡೋದೇನದರಿ?" ಎಂದು ನಾನು ಬೋನನ್ನು ಚೀಲಕ್ಕೆ ಹಾಕಿಕೊಂಡು ಹೊರಟೇಬಿಟ್ಟೆ. ದಂಡೆಯ ಮುಳ್ಳುಕಂಟಿಯಲ್ಲಿ ಬಾಗಿಲು ತೆಗೆದೆ, ಇಲಿ ಓಡಿತು, ನಾನೂ ಓಡಿ ಬಂದೆ.

"ಹೊಟ್ಟಿ ನೋಡಿದಿ?"

ನಾನು ಖಾಲಿ ಬೋನನ್ನು ಕೆಳಗಿಟ್ಟೆ. ಕಾಕು ತವೆಯ ಮೇಲೆ ರೊಟ್ಟಿ ಇದ್ದಂತೆಯೇ ಗ್ಯಾಸ್ ಆರಿಸಿದರು. ಚೀಲಗಳನ್ನು ಸರಿಸಿ, ಮಂಡಿಯೂರಿ, ಗೋಡೆಗೆ ಕಿವಿ ಹಚ್ಚಿದರು. ನಾನೂ ಹಚ್ಚಿದೆ. ಒದ್ದೆ ಬೆರಳಿನಿಂದ ಗಾಜು ಉಜ್ಜಿದಂಥ ಸಣ್ಣ ಸ್ವರ. ಒಂದಲ್ಲ, ಹಲವು. ಕಾಕು ಗಾರೆ ಕೆತ್ತಿ ನೋಡಿದರು. ಬಿಲ ಕಂಬದ ಹಿಂದಕ್ಕೆ ಹೋಗಿತ್ತು, ಕೈ ಎಟುಕಲಿಲ್ಲ.

ಅವರು ಬೈಯಲಿ ಎಂದು ಕಾದೆ. ಬೈದರೆ ತಿರುಗಿಸಿ ಹೇಳಲು ನನ್ನಲ್ಲಿ ಉತ್ತರಗಳಿದ್ದವು. ಅವರು ಅಂದದ್ದು ಇಷ್ಟೇ: "ಗಾಡಿ ತಗಿ."

ಅದೇ ಮುಳ್ಳುಕಂಟಿಯ ಬುಡ, ಅದೇ ಬೋನು, ಅದೇ ಶೇಂಗಾ ಹಿಂಡಿ. ಕಾಕು ಬಳೆ ಮೇಲೇರಿಸಿ ಕೊಂಡಿ ಸಿಕ್ಕಿಸಿದರು. ದೂರದಲ್ಲಿ ಕೂತೆವು. ನಾನು ಕೂತೆನೆಂದರೆ ಸುಳ್ಳು. ಏಳುವುದು, ನಾಲ್ಕು ಹೆಜ್ಜೆ ಹೋಗುವುದು, ಫೋನು ನೋಡುವುದು. ತಂಡದವರ ಕರೆ ಮೇಲೆ ಕರೆ.

"ಮೋಸ ಅಂದಿದ್ದ್ಯಲ್ಲ, ಅದ ಮೋಸಾ ನಂಬಿ ಕೂತೀವಿ ನೋಡು," ಎಂದರು ಕಾಕು. "ನಾಕ್ ದಿನ ಉಂಡ ಜಾಗಾ ಅದು. ಹಸಿವ್ಯಾದ್ರ ಬಂದೀತು." ಆಮೇಲೆ ಕಂಟಿಯ ಕಡೆ ತಿರುಗಿ ಮೆಲ್ಲಗೆ, "ಯೇ ಗ ಬಾಯಿ, ಯೇ," ಎಂದು ಕರೆದರು. ಬಾರೇ ತಾಯಿ, ಬಾ.

ಸ್ಪರ್ಧೆಯ ಹೊತ್ತು ಮೀರಿತು. ಫೋನು ಬಂದ್ ಮಾಡಿದೆ. ಬಿಸಿಲು ಇಳಿಯುವ ಹೊತ್ತಿಗೆ ಬೋನಿನ ಬಾಗಿಲು ಟಪ್ಪೆಂದಿತು. ಓಡಿಹೋಗಿ ತಂದುಕೊಟ್ಟೆ. ಕಾಕು ಎತ್ತಿ ಹಿಡಿದು ಬಹಳ ಹೊತ್ತು ನೋಡಿದರು.

"ಇದು ಗಂಡು."

ಬಾಗಿಲು ತೆಗೆದು ಅದನ್ನು ಬಿಟ್ಟು, ಮತ್ತೆ ಕೊಂಡಿ ಸಿಕ್ಕಿಸಿದರು. ಕತ್ತಲಾಗುವ ತನಕ ಮತ್ತೆ ಯಾವ ಸಪ್ಪಳವೂ ಆಗಲಿಲ್ಲ.

ಮರುದಿನ ಕೆಳಗಿನಿಂದ ರೊಟ್ಟಿ ಬಡಿಯುವುದು ಕೇಳಿತು, ಬಳೆಯ ಸದ್ದಿಲ್ಲ. ಹೋಗಿ ನೋಡಿದರೆ ಕಾಕು ರಬ್ಬರ್ ಬ್ಯಾಂಡ್ ಹಾಕಿಕೊಂಡೇ ಬಡಿಯುತ್ತಿದ್ದರು. ಗೋಡೆಯೊಳಗಿನ ಸ್ವರ ಕೇಳಬೇಕಲ್ಲ. ಅದರ ಮರುದಿನವೂ ಹಾಗೆಯೇ. ಮೂರನೆಯ ಬೆಳಿಗ್ಗೆ ನಾನು ಹಲ್ಲುಜ್ಜುತ್ತಿದ್ದಾಗ ಬಳೆಗಳು ಮೊದಲಿನಂತೆ ಸದ್ದು ಮಾಡಿದವು. ನಾನು ಕೆಳಗೆ ಇಳಿಯಲಿಲ್ಲ.

ಎರಡು ವಾರ ಬಿಟ್ಟು ಅವರೇ ಕೂಗಿ ಕರೆದರು. "ಬಾ ಇಲ್ಲಿ. ನೋಡೋದು ಕಲಿ." ಬೋನನ್ನು ನನ್ನ ಕೈಗೆ ಕೊಟ್ಟರು.

ಹೋದ ವರ್ಷ ಜ್ವರವೆಂದು ಆಸ್ಪತ್ರೆಗೆ ಹೋದ ಕಾಕು ತಿರುಗಿ ಬರಲಿಲ್ಲ. ಬೋನು ನನ್ನ ಬಳಿ ಇದೆ. ಮೊನ್ನೆ ಅದರಲ್ಲಿ ಒಂದು ಇಲಿ ಬಿತ್ತು. ಕೋರ್ಟಿಗೆ ತಡವಾಗಿತ್ತು, ಕರಿಕೋಟು ಹಾಕಿಕೊಂಡೇ ಬೋನನ್ನು ಕಿಟಕಿಗೆ ಎತ್ತಿ ಹಿಡಿದೆ. ಕೂದಲು ಸವೆದಿತ್ತು. ಅಡುಗೆಮನೆಯ ಮೂಲೆಯಲ್ಲೇ ಬಾಗಿಲು ತೆಗೆದೆ.

"ಹುಚ್ಚು ಹಿಡದದೇನ ನಿನಗ? ಹಿಡದದ್ದನ್ನ ಮತ್ತ ಮನ್ಯಾಗ ಬಿಡ್ತಾರೇನ?" ಅವ್ವ ಚೀರಿದಳು.

ಅವಳ ವಾದದಲ್ಲಿ ತಪ್ಪಿರಲಿಲ್ಲ. "ಮೂರು ವಾರ ತಡೀ ಅವ್ವಾ," ಎಂದೆ.

ಹೊರಡುವ ಮೊದಲು ಗೋಡೆಗೆ ಕಿವಿ ಹಚ್ಚಿದೆ. ಏನೂ ಕೇಳಲಿಲ್ಲ. ಕೈಯ ಬಳೆ ಮೇಲಕ್ಕೆ ಸರಿಸಿ, ಇನ್ನೊಮ್ಮೆ ಹಚ್ಚಿದೆ.